ಗಂಟೆಗೆ 20 ನಿಮಿಷ

ಮಾರ್ಚ್ ಸಮೀಪಿಸಿತೆಂದರೆ ಹೈಸ್ಕೂಲಿನ ಶಿಕ್ಷಕರ ಕೋಣೆಯಲ್ಲಿ ಒಂದು ತಕರಾರು ಏಳುತ್ತದೆ. “ಎಲ್ಲಾರಿಗೂ ಮೂರ ತಾಸು ಅಂದಮ್ಯಾಲೆ ಆ ಒಬ್ಬ ಹುಡುಗಗ ಯಾಕ್ರಿ ನಾಕ ತಾಸು? ಮ್ಯಾಲೆ ಬರದು ಕೊಡಾಕ ಒಂಬತ್ತನೇತ್ತದ ಹುಡುಗಿ ಬ್ಯಾರೆ. ಇದೇನು ಪರೀಕ್ಷೆನೋ, ಬೀಗರ ಉಪಚಾರನೋ?” ಧಾರವಾಡ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ಈ ಮಾತನ್ನು ಕೇಳುತ್ತಲೇ ಬಂದವಳು. ಆಡಿದವರು ಕೆಟ್ಟವರಲ್ಲ. ನಪಾಸಾಗುವ ಮಕ್ಕಳನ್ನು ರವಿವಾರ ಮನೆಗೆ ಕರೆಸಿ, ಒಂದು ಪೈಸೆ ಮುಟ್ಟದೆ ಗಣಿತ ಹೇಳಿಕೊಟ್ಟವರೂ ಅವರಲ್ಲಿದ್ದರು. ಅವರ ನಂಬಿಕೆ ಇಷ್ಟೇ: ಪರೀಕ್ಷೆ ಹಿರಿಯರ ಕಾಲದಿಂದ ಬಂದದ್ದು, ಎಲ್ಲರಿಗೂ ಒಂದೇ ಸಮ, ಅದರ ಗಂಟೆಗೆ ಕೈ ಹಚ್ಚಬಾರದು.

ಈ ನಂಬಿಕೆಗೆ ಎಷ್ಟು ವಯಸ್ಸಾಗಿದೆ ಎಂದು ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆಯನ್ನು ಇಲ್ಲಿ ಹೇಳುತ್ತಿದ್ದೇನೆ. ಅದರಲ್ಲಿ ಎರಡು ಎಳೆಗಳಿವೆ. ಒಂದು, ನಾವು ಬರೆಯುವ ಪರೀಕ್ಷೆಯದು. ಇನ್ನೊಂದು, ಬುದ್ಧಿಯಿದ್ದೂ ಅಕ್ಷರ ಕೂಡಿಸಲಾಗದ ಮಗುವಿನದು. ಇವತ್ತು ನಾವು ಡಿಸ್ಲೆಕ್ಸಿಯಾ ಎನ್ನುವ ತೊಂದರೆ ಜನರ ಕಣ್ಣಿಗೆ ಬಿದ್ದದ್ದು ಬರಹದ ಪರೀಕ್ಷೆ ಬೆಳೆದ ಕಾಲದಲ್ಲೇ.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತದ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳಿಸಿದ ಉತ್ತರ ಕನ್ನಡ ನಾಡಿನ ಹಳೆಯ ಶಾಲೆಗಳ ಬಗ್ಗೆ ನಮಗಿರುವ ಒಳ್ಳೆಯ ದಾಖಲೆಗಳಲ್ಲಿ ಒಂದು. ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳಿನವು, ಇಂಗ್ಲಿಷಿನದು ಒಂದೇ ಒಂದು. ಓದುವವರು 6,641. ಅಂದರೆ ಸುಮಾರು 140 ಜನರಿಗೆ ಒಬ್ಬ. ಹುಡುಗಿಯರು 60.

ಐದನೇ ವಯಸ್ಸಿಗೆ ಗಣಪತಿಯ ಮುಂದೆ ಕೂರಿಸಿ, ಮಾಸ್ತರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಿದ್ದರು. ಆಮೇಲೆ ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು. ಅದಾದ ಮೇಲೆ ಹಲಗಿ, ಕಡತ. ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಇದ್ದಿಲು, ಅಂಟು ಬಳಿದು ಮಾಡಿದ್ದೇ ಕಡತ. ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ಮುಂಜಾನೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನ ಅಂಗೈಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಏರುತ್ತಿತ್ತು. ಓದದವನ ಎರಡೂ ಕೈ ಕಟ್ಟಿ ಮಾಡಿಗೆ ತೂಗುಹಾಕುತ್ತಿದ್ದರೆಂದೂ ಕ್ಯಾಂಪ್‌ಬೆಲ್ ಬರೆದಿದ್ದಾನೆ. ನಮ್ಮ ಅಜ್ಜಂದಿರು ಅದನ್ನೇ ‘ಕೋದಂಡ ಏರಿಸುವುದು’ ಎನ್ನುತ್ತಿದ್ದರು. ಛಡಿ ಛಂ ಛಂ, ವಿದ್ಯಾ ಘಂ ಘಂ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ಆ ಶಾಲೆಯಲ್ಲಿ ಇಲ್ಲದ್ದು ಒಂದಿತ್ತು: ಪರೀಕ್ಷೆ. ಕಲಿತದ್ದಕ್ಕೆ ತಕ್ಕಂತೆ ಹುಡುಗರನ್ನು ಕೆಲವು ಗುಂಪು ಮಾಡುತ್ತಿದ್ದರು, ಅಷ್ಟೇ. ಮುಂದಿದ್ದ ಹುಡುಗ ಹಿಂದಿದ್ದವನಿಗೆ ಹೇಳಿಕೊಡುತ್ತಿದ್ದ. ಈ ಏರ್ಪಾಡನ್ನು ಕ್ಯಾಂಪ್‌ಬೆಲ್ ಬಾಯ್ತುಂಬ ಹೊಗಳಿದ್ದಾನೆ. ಅರ್ಥ ತಿಳಿಯದೆ ಗಿಳಿಯಂತೆ ಒಪ್ಪಿಸುತ್ತಾರೆ ಎಂದು ಬೈದೂ ಇದ್ದಾನೆ. ಅವನು ಬೈದ ಆ ಬಾಯಿಪಾಠವೇ ಅಕ್ಷರಕ್ಕೆ ಹೆಣಗುವ ಹುಡುಗನನ್ನು ಕಾಪಾಡುತ್ತಿತ್ತು ಎಂದು ನನಗನ್ನಿಸುತ್ತದೆ. ಮಗ್ಗಿ, ಕೋಷ್ಟಕ, ಪದ್ಯ ಎಲ್ಲವೂ ಕಿವಿಯಿಂದ ಬಾಯಿಗೆ ಬರುತ್ತಿದ್ದವು. ಕಡತ ಓದಲಾಗದಿದ್ದರೂ ಒಪ್ಪಿಸಬಲ್ಲವನು ಒಪ್ಪಿಸಿ ಪಾರಾಗುತ್ತಿದ್ದ. ಪಾರಾಗದವನು ಏಟು ತಿಂದು ಹೊಲಕ್ಕೋ ಅಂಗಡಿಗೋ ಹೋಗುತ್ತಿದ್ದ. ಕಾಲ ಒಳ್ಳೆಯದಿತ್ತೆಂದು ನಾನು ಹೇಳುತ್ತಿಲ್ಲ; ನನ್ನಂಥ ಹೆಣ್ಣುಮಗಳು ಆ 6,641ರಲ್ಲಿ ಸೇರುವುದೇ ಕಷ್ಟವಿತ್ತು. ಆದರೆ ಅವನ ಹೆಸರಿನ ಮುಂದೆ ‘ನಪಾಸು’ ಎಂದು ಬರೆದ ಕಾಗದ ಜೀವಮಾನವಿಡೀ ಅವನ ಬೆನ್ನು ಹತ್ತುತ್ತಿರಲಿಲ್ಲ.

ಆ ಕಾಗದ ಹುಟ್ಟಿದ್ದು ಮುಂದಿನ ಪೀಳಿಗೆಯಲ್ಲಿ. 1854ರಲ್ಲಿ ವುಡ್‌ನ ಶಿಕ್ಷಣ ಆದೇಶ ಬಂತು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳಾದವು. ಅವುಗಳ ಬಾಗಿಲಲ್ಲಿ ಮ್ಯಾಟ್ರಿಕ್ ಪರೀಕ್ಷೆ ನಿಂತಿತು. ಧಾರವಾಡದ ಹುಡುಗ ಮುಂಬಯಿಯ ಕಡೆ, ಬಳ್ಳಾರಿಯವನು ಮದರಾಸಿನ ಕಡೆ ಮುಖ ಮಾಡಿದ. 1916ರಲ್ಲಿ ಸ್ವಂತ ವಿಶ್ವವಿದ್ಯಾಲಯ ಆಗುವವರೆಗೆ ಮೈಸೂರಿನವರೂ ಮದರಾಸನ್ನೇ ನೋಡಬೇಕಿತ್ತು. ನಮ್ಮ ಭಾಗದ ಕನ್ನಡ ಶಾಲೆಗಳಲ್ಲಿ ಏಳನೇತ್ತಕ್ಕೆ ಮುಲ್ಕಿ ಪರೀಕ್ಷೆ ಬಂತು. ಮುಲ್ಕಿ ಪಾಸಾದವನು ಕನ್ನಡ ಸಾಲಿ ಮಾಸ್ತರನೋ ತಲಾಟಿಯೋ ಆಗಬಹುದಿತ್ತು. ನಪಾಸಾದವನಿಗೆ ಅಷ್ಟು ಓದಿದ್ದಕ್ಕೆ ಎಲ್ಲಿಯೂ ಬೆಲೆ ಇರಲಿಲ್ಲ.

ಇಂಗ್ಲೆಂಡಿನಲ್ಲಿ 1862ರಿಂದ ಇನ್ನೊಂದು ಪದ್ಧತಿ ಜಾರಿಗೆ ಬಂದಿತ್ತು. ಇನ್‌ಸ್ಪೆಕ್ಟರ್ ಬಂದು ಪ್ರತಿ ಮಗುವಿನ ಓದು, ಬರಹ, ಲೆಕ್ಕ ನೋಡಬೇಕು. ಎಷ್ಟು ಮಕ್ಕಳು ತೇರ್ಗಡೆಯಾದರೋ ಅದಕ್ಕೆ ತಕ್ಕಂತೆ ಶಾಲೆಗೆ ದುಡ್ಡು. ಈ ಪದ್ಧತಿ ನಮ್ಮ ಪ್ರಾಂತಗಳ ಅನುದಾನಿತ ಶಾಲೆಗಳಿಗೂ ಹಬ್ಬಿತು. ಓದಲಾಗದ ಹುಡುಗ ಈಗ ಮಾಸ್ತರರ ಸಿಟ್ಟಿಗಷ್ಟೇ ಅಲ್ಲ, ಶಾಲೆಯ ನಷ್ಟಕ್ಕೂ ಕಾರಣನಾದ. ಅವನನ್ನು ಮೇಲಕ್ಕೆತ್ತುವುದಕ್ಕಿಂತ ಅವನಿಲ್ಲದ ದಿನ ಲೆಕ್ಕ ತೋರಿಸುವುದು ಶಾಲೆಗೆ ಲಾಭದ ಮಾತಾಯಿತು. ಫಲಿತಾಂಶ ನೂರಕ್ಕೆ ನೂರು ಬರಲಿ ಎಂದು ಒಂಬತ್ತನೇ ತರಗತಿಯಲ್ಲೇ ಕೆಲವರಿಗೆ ಟಿಸಿ ಕೊಟ್ಟು ಕಳಿಸುವ ಶಾಲೆಗಳನ್ನು ನಾವೂ ಕಂಡಿದ್ದೇವೆ.

ಅಂಥದೇ ಕಾಲದ ಇಂಗ್ಲೆಂಡಿನಲ್ಲಿ, ಸಸೆಕ್ಸ್ ಕಡಲತಡಿಯ ಸೀಫರ್ಡ್ ಎಂಬ ಊರಿನಲ್ಲಿ, ಪರ್ಸಿ ಎಂಬ 14 ವರ್ಷದ ಹುಡುಗನಿದ್ದ. ಅಲ್ಲಿಯ ವೈದ್ಯ ಪ್ರಿಂಗಲ್ ಮಾರ್ಗನ್ ಅವನ ಕಥೆಯನ್ನು 1896ರ ನವೆಂಬರ್ 7ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. ಹುಡುಗ ಚುರುಕು, ಆಟದಲ್ಲಿ ಮುಂದು. ಏಳನೇ ವಯಸ್ಸಿನಿಂದ ಪಾಠ ನಡೆದಿದೆ. ಆದರೂ ಒಂದು ಸಣ್ಣ ಪದ ಓದಲು ತಿಣುಕುತ್ತಾನೆ. ತನ್ನ ಹೆಸರನ್ನೇ ಅಕ್ಷರ ಹಿಂದುಮುಂದು ಮಾಡಿ ‘ಪ್ರೆಸಿ’ ಎಂದು ಬರೆಯುತ್ತಾನೆ. ಅಂಕಿಗಳಲ್ಲಿ ಮಾತ್ರ ಆ ತೊಡಕಿಲ್ಲ. 749ನ್ನು 867ರಿಂದ ಗುಣಿಸು ಎಂದರೆ ಥಟ್ಟನೆ ಸರಿಯಾಗಿ ಗುಣಿಸಿದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಇವನಷ್ಟು ಜಾಣ ಇನ್ನೊಬ್ಬ ಇರುತ್ತಿರಲಿಲ್ಲ ಎಂದು ಅವನ ಮಾಸ್ತರರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ.

ಆ ಮಾಸ್ತರರ ಮಾತಿನ ಮೇಲೆ ನಾನು ಬಹಳ ಹೊತ್ತು ನಿಂತಿದ್ದೇನೆ. ಹೆಚ್ಚುವರಿ ಸಮಯ, ಬರೆದುಕೊಡುವವರು, ಪ್ರಶ್ನೆ ಓದಿ ಹೇಳುವವರು ಎಂದು ನಾವೀಗ ಕೊಡುತ್ತಿರುವ ಎಲ್ಲ ಅನುಕೂಲಗಳ ಬೀಜ ಅದರಲ್ಲಿದೆ. ಹುಡುಗನಿಗೆ ತಿಳಿದದ್ದು ಒಂದು, ಅದು ಕಾಗದಕ್ಕೆ ಇಳಿಯುವ ದಾರಿ ಇನ್ನೊಂದು, ಎರಡನ್ನೂ ಕೂಡಿಸಿ ಒಂದೇ ಅಂಕ ಕೊಡಬಾರದು ಎಂಬುದು ಅಂದೇ ಒಬ್ಬ ಶಾಲಾ ಮಾಸ್ತರರಿಗೆ ಹೊಳೆದಿತ್ತು. ಆದರೆ ಆ ಹೊಳಹು ನಮ್ಮ ದೇಶದ ಪರೀಕ್ಷೆಯ ನಿಯಮವಾಗಲು ಇನ್ನೂ ನೂರು ವರ್ಷ ಹಿಡಿಯಿತು.

ಮೊದಲು ಈ ತೊಂದರೆಯನ್ನು ಹಿಡಿದವರಲ್ಲಿ ಕಣ್ಣಿನ ವೈದ್ಯರೇ ಹೆಚ್ಚು. ಡಿಸ್ಲೆಕ್ಸಿಯಾ ಎಂಬ ಹೆಸರನ್ನು 1880ರ ದಶಕದಲ್ಲಿ ಕೊಟ್ಟ ರುಡಾಲ್ಫ್ ಬರ್ಲಿನ್ ಜರ್ಮನಿಯ ಸ್ಟುಟ್‌ಗಾರ್ಟಿನ ನೇತ್ರವೈದ್ಯ. 1895ರಲ್ಲಿ ಈ ಬಗ್ಗೆ ಬರೆದು ಮಾರ್ಗನ್‌ಗೆ ದಾರಿ ತೋರಿಸಿದ ಜೇಮ್ಸ್ ಹಿನ್‌ಶೆಲ್‌ವುಡ್ ಗ್ಲಾಸ್ಗೋದ ನೇತ್ರವೈದ್ಯ. ಮಗು ಅಕ್ಷರ ನೋಡಿ ತಡವರಿಸಿದರೆ ಯಾರೂ ಮೊದಲು ಕಣ್ಣನ್ನೇ ಅನುಮಾನಿಸುತ್ತಾರೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ನನ್ನ ತಮ್ಮ ಹಳ್ಳಿಯ ಸಣ್ಣಾಟದಲ್ಲಿ ಸಂಗ್ಯಾ-ಬಾಳ್ಯಾದ ಮಾತುಗಳನ್ನೆಲ್ಲ ಕೇಳಿಯೇ ಕಲಿತಿದ್ದ. ಯಾವ ಪಾತ್ರದವನು ಮಾತು ಮರೆತರೂ ಪರದೆಯ ಹಿಂದಿನಿಂದ ಇವನೇ ಎತ್ತಿಕೊಡುತ್ತಿದ್ದ. ಪುಸ್ತಕ ತೆರೆದರೆ ‘ಕಮಲ’ ಕಲಮವಾಗುತ್ತಿತ್ತು, ‘ಧರ್ಮ’ ಧಮರವಾಗುತ್ತಿತ್ತು. ಅಪ್ಪ ಹುಬ್ಬಳ್ಳಿಗೆ ಕರೆದೊಯ್ದು ಕಣ್ಣು ತೋರಿಸಿದರು. ಕಣ್ಣು ನೆಟ್ಟಗಿತ್ತು. ಆಮೇಲೆ ತಾಯಿತ ಬಂತು, ಆಮೇಲೆ ಬೆತ್ತ. ಅವ್ವ ಮಾತ್ರ, “ಇವನ ಕೈಯಾಗ ಬುದ್ಧಿ ಐತಿ, ಆ ಅಕ್ಷರಕ್ಕ ಏನಾಗೈತೋ” ಎನ್ನುತ್ತಿದ್ದಳು. ಬುದ್ಧಿ ಹುಡುಗನಲ್ಲಿದೆ, ತೊಡಕು ಅಕ್ಷರದ ಹತ್ತಿರ ಇದೆ ಎಂದು ಶಾಲೆಯ ಮುಖ ನೋಡದ ಅವಳು ಗುರುತಿಸಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಅವನು ಸಲಸಲಕ್ಕೂ ನಪಾಸಾದ; ಹೋಗುತ್ತಿದ್ದುದು ಭಾಷೆಗಳು. ಕೊನೆಗೆ ಹುಬ್ಬಳ್ಳಿಯಲ್ಲಿ ಮೋಟರ್ ವೈಂಡಿಂಗ್ ಕಲಿತ. ಸುತ್ತಲಿನ ರೈತರು ಸುಟ್ಟ ಪಂಪ್‌ಸೆಟ್ ಹೊತ್ತು ಇವನನ್ನೇ ಹುಡುಕಿಕೊಂಡು ಬರುವಂತಾಯಿತು. ಬಿಲ್ ಬರೆಯಲು ಮಾತ್ರ ಇವತ್ತಿಗೂ ಅಂಗಡಿಯ ಹುಡುಗನನ್ನು ಕರೆಯುತ್ತಾನೆ.

ಕಣ್ಣಿನ ಅನುಮಾನ ಹೋಗಲು ವಿಜ್ಞಾನಕ್ಕೂ ಕಾಲ ಹಿಡಿಯಿತು. 1925ರಲ್ಲಿ ಅಮೆರಿಕದ ಅಯೋವಾದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯ ಶಾಲಾ ಮಕ್ಕಳನ್ನು ಪರೀಕ್ಷಿಸಿ, ತೊಡಕಿರುವುದು ಮಿದುಳು ಅಕ್ಷರವನ್ನು ಇಟ್ಟುಕೊಳ್ಳುವ ಬಗೆಯಲ್ಲಿ ಎಂದ. ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿಯ ಜೊತೆ ಕೂಡಿ ಅವನ ವಿಚಾರಗಳು ಪಾಠದ ಕ್ರಮವಾದವು: ಅಕ್ಷರ ನೋಡು, ಧ್ವನಿ ಹೇಳು, ಕೇಳು, ಬೆರಳಿನಿಂದ ತಿದ್ದು. ಈ ಕ್ರಮದವರು ಇಂದಿಗೂ ತಟ್ಟೆಯಲ್ಲಿ ಮರಳು ಹರಡಿ ಮಕ್ಕಳಿಂದ ಬರೆಸುತ್ತಾರೆ. ಕ್ಯಾಂಪ್‌ಬೆಲ್ ಕಂಡ ಬಳ್ಳಾರಿಯ ಮಾಸ್ತರರು ಮಾಡಿಸುತ್ತಿದ್ದುದು ಅದನ್ನೇ. ಬಡತನಕ್ಕೆ ಮಾಡುತ್ತಿದ್ದುದನ್ನು ನಾವು ಸ್ಲೇಟು, ನೋಟುಬುಕ್ಕು ಬಂದ ಮೇಲೆ ಬಿಟ್ಟೆವು. ಅದು ದುಬಾರಿ ಚಿಕಿತ್ಸೆಯಾಗಿ ನಗರದ ಕ್ಲಿನಿಕ್ಕುಗಳಿಗೆ ಮರಳಿ ಬಂದಿದೆ. 1970ರ ದಶಕದಿಂದ ಸಂಶೋಧಕರ ಗಮನ ಧ್ವನಿಯ ಕಡೆ ಹೊರಳಿತು. ಆಡುವ ಮಾತನ್ನು ಸಣ್ಣ ಧ್ವನಿಗಳಾಗಿ ಬಿಡಿಸಿ, ಆ ಧ್ವನಿಗೆ ಈ ಅಕ್ಷರ ಎಂದು ಗಂಟು ಹಾಕುವಲ್ಲಿ ಈ ಮಕ್ಕಳು ಸೋಲುತ್ತಾರೆ ಎಂಬುದು ಗಟ್ಟಿಯಾಯಿತು.

ಇಲ್ಲಿ ನಮ್ಮವರ ಇನ್ನೊಂದು ನಂಬಿಕೆ ಅಡ್ಡ ಬರುತ್ತದೆ. “ಇದೆಲ್ಲ ಇಂಗ್ಲಿಷಿನ ರೋಗರಿ. ನಮ್ಮ ಕನ್ನಡ ಬರದಂಗ ಓದತೀವಿ, ಓದಿದಂಗ ಬರೀತೀವಿ” ಎನ್ನುತ್ತಾರೆ. ಅರ್ಧ ನಿಜ. ಇಂಗ್ಲಿಷಿನ ಕಾಗುಣಿತದ ಹುಚ್ಚಾಟ ನಮ್ಮಲ್ಲಿಲ್ಲ. ಆದರೆ ಇಂಗ್ಲಿಷಿನ ಮಗು ಕಲಿಯುವ ಆಕಾರಗಳು 26. ಚಿಕ್ಕವು, ದೊಡ್ಡವು ಎಂದು ಎರಡು ಪಟ್ಟು ಹಿಡಿಯಿರಿ. ನಮ್ಮ ಮಗುವಿನ ಮುಂದೆ ವರ್ಣಮಾಲೆ ಮುಗಿದ ಮೇಲೆ ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಐತ್ವಗಳು ಸಾಲು ನಿಲ್ಲುತ್ತವೆ. ಅದರ ಮೇಲೆ ಒತ್ತಕ್ಷರಗಳು. ಮ ಮತ್ತು ವ, ಪ ಮತ್ತು ಷ, ದ ಮತ್ತು ಧ ನಡುವೆ ಒಂದು ಗೆರೆಯದೋ ಒಂದು ಸೀಳಿನದೋ ವ್ಯತ್ಯಾಸ. ‘ಸೂರ್ಯ’ದಲ್ಲಿ ಬಾಯಿ ಮೊದಲು ಹೇಳುವ ರಕಾರವನ್ನು ಕೈ ಯಕಾರದ ನಂತರ ಅರ್ಕಾವೊತ್ತಾಗಿ ಬರೆಯುತ್ತದೆ. ನನ್ನ ತಮ್ಮ ‘ಧಮರ’ ಎಂದು ಓದುತ್ತಿದ್ದುದು ಸೋಮಾರಿತನದಿಂದಲ್ಲ. ಎಡದಿಂದ ಬಲಕ್ಕೆ ಕಂಡಂತೆಯೇ ಓದುತ್ತಿದ್ದ.

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಾವು ‘ಆಯಿಷ್’ ಎನ್ನುವುದು, ಇದನ್ನು ಕನ್ನಡದಲ್ಲೇ ಅಳೆಯಲು ಮುಂದಾಯಿತು. ಪ್ರತಿಭಾ ಕಾರಂತ ಮತ್ತು ಸಂಗಡಿಗರು 1990ರ ದಶಕದಲ್ಲಿ ಕನ್ನಡ ಮಕ್ಕಳು ಓದು ಕಲಿಯುವ ಹಂತಗಳನ್ನು ಅಧ್ಯಯನ ಮಾಡಿದರು. ಕೆ. ಎಸ್. ಪ್ರೇಮಾ 1998ರಲ್ಲಿ ಕನ್ನಡ ಓದಿನ ಬೆಳವಣಿಗೆಯನ್ನು ಅಳೆಯುವ ಸಾಧನವನ್ನೇ ಸಿದ್ಧಪಡಿಸಿದರು. 2007ರಲ್ಲಿ ಸೋನಾಲಿ ನಾಗ್ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರಗಳನ್ನು ಪೂರ್ತಿ ವಶ ಮಾಡಿಕೊಳ್ಳಲು ಸಾಮಾನ್ಯ ಮಗುವಿಗೂ ನಾಲ್ಕನೇ ತರಗತಿವರೆಗೆ ಬೇಕಾಗುತ್ತದೆ ಎಂದು ತೋರಿಸಿತು. ನಮ್ಮ ಪಠ್ಯಕ್ರಮವೋ ಎರಡನೇತ್ತದ ಹೊತ್ತಿಗೆ ಒತ್ತಕ್ಷರ ಮುಗಿಯಿತೆಂದು ಮುಂದಕ್ಕೆ ಓಡುತ್ತದೆ. ಜೊತೆಗೆ ಇಂಗ್ಲಿಷು, ಆಮೇಲೆ ಹಿಂದಿ. ಒಂದು ಲಿಪಿಯಲ್ಲೇ ನಿಲ್ಲಲಾಗದ ಮಗು ಹೈಸ್ಕೂಲಿಗೆ ಬರುವಷ್ಟರಲ್ಲಿ ಮೂರು ಲಿಪಿ ಹೊತ್ತಿರುತ್ತದೆ.

ಇನ್ನು ಬುದ್ಧಿಯ ಮಾತು. ಈ ಮಗುವಿಗೆ ಸವಲತ್ತು ಸಿಗಬೇಕಾದರೆ ಅದು ದಡ್ಡನಲ್ಲ ಎಂದು ಮೊದಲು ಸಾಬೀತಾಗಬೇಕು. ಈ ವಿಚಿತ್ರ ನಿಯಮದ ಬೇರು ಪ್ಯಾರಿಸ್ಸಿನಲ್ಲಿದೆ, ಒಂದು ಕೊಂಬೆ ನಮ್ಮ ಧಾರವಾಡದಲ್ಲಿದೆ. 1905ರಲ್ಲಿ ಆಲ್ಫ್ರೆಡ್ ಬಿನೆ ಪ್ಯಾರಿಸ್ಸಿನ ಶಾಲಾ ಮಕ್ಕಳಿಗಾಗಿ ಬುದ್ಧಿಮಾಪನದ ಪರೀಕ್ಷೆ ತಯಾರಿಸಿದ. ಅದನ್ನು 1930ರ ದಶಕದಲ್ಲಿ ವಿ. ವಿ. ಕಾಮತರು ಮುಂಬಯಿ ಕರ್ನಾಟಕದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ಬದಲಿಸಿದರು. 1940ರಲ್ಲಿ ಅವರ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ದಡ್ಡರನ್ನು ಬೇರ್ಪಡಿಸಲು ಹುಟ್ಟಿದ ಅಳತೆ, ಕೊನೆಗೆ ದಡ್ಡರೆನಿಸಿಕೊಂಡವರ ಪರವಾಗಿ ಸಾಕ್ಷಿ ಹೇಳಲು ನಿಂತಿತು. 1963ರಲ್ಲಿ ಷಿಕಾಗೋದಲ್ಲಿ ತಂದೆತಾಯಿಯರ ಸಭೆಯೊಂದರಲ್ಲಿ ಸ್ಯಾಮ್ಯುಯೆಲ್ ಕರ್ಕ್ ‘ಕಲಿಕಾ ನ್ಯೂನತೆ’ ಎಂಬ ವಿಶಾಲ ವರ್ಗವನ್ನು ಮುಂದಿಟ್ಟ ಮೇಲೆ, ಬುದ್ಧಿ ಸರಿ ಇದ್ದೂ ಓದು, ಬರಹ, ಲೆಕ್ಕದಲ್ಲಿ ಹಿಂದೆ ಬೀಳುವವರು ಎಂಬ ಗುಂಪು ಗಟ್ಟಿಯಾಯಿತು. ಬೆಂಗಳೂರಿನ ನಿಮ್ಹಾನ್ಸ್ 1991ರ ಸುಮಾರಿಗೆ ರೂಪಿಸಿದ ಪರೀಕ್ಷಾಗುಚ್ಛ ದೇಶದಲ್ಲಿ ಈ ತೊಂದರೆಯನ್ನು ಪ್ರಮಾಣೀಕರಿಸುವ ಒಂದು ಮುಖ್ಯ ಅಳತೆಯಾಯಿತು.

ಅಂದರೆ ಅಳೆಯುವ ಸಾಧನಗಳನ್ನು ಕೊಟ್ಟವರಲ್ಲಿ ಧಾರವಾಡ, ಮೈಸೂರು, ಬೆಂಗಳೂರು ಮೂರೂ ಇವೆ. ಕಾಯ್ದೆ ಮಾತ್ರ ಬಹಳ ನಿಧಾನಕ್ಕೆ ಬಂತು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿತು. ಓದಿನ ತೊಂದರೆ ಅದರಲ್ಲಿರಲಿಲ್ಲ. ಕಾಲು, ಕಣ್ಣು, ಕಿವಿಯಲ್ಲಿ ಕಾಣದ ಕೊರತೆಯನ್ನು ನಂಬುವುದು ಹೇಗೆ? 1996ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದರಿಂದ ಹತ್ತನೇ ತರಗತಿವರೆಗಿನ ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಟ್ಟಿತು. 2007ರ ಡಿಸೆಂಬರಿನಲ್ಲಿ, ಓದು ಬಾರದಿದ್ದರೂ ಚಿತ್ರ ಬರೆಯುವುದರಲ್ಲಿ ಗೆಲ್ಲುವ ಹುಡುಗನ ಕಥೆ ಹೇಳುವ ‘ತಾರೇ ಜಮೀನ್ ಪರ್’ ಸಿನಿಮಾ ಬಂತು. ಅದಾದ ಮೇಲೆ ನಮ್ಮ ಹಳ್ಳಿಯ ತಾಯಂದಿರೂ “ಅಕ್ಕಾರ, ನಮ್ಮ ಹುಡುಗಗ ಆ ಸಿನಿಮಾದಾಗಿಂದು ಆಗೈತೇನ್ರಿ?” ಎಂದು ಕೇಳತೊಡಗಿದರು. ಯಾವ ಸುತ್ತೋಲೆಯೂ ಮಾಡದ ಕೆಲಸವನ್ನು ಆ ಸಿನಿಮಾ ಮಾಡಿತು. ಒಂದು ತೊಂದರೆಯೂ ಆಯಿತು: ಪ್ರತಿ ಮಗುವಿನಲ್ಲೂ ಅಡಗಿದ ಚಿತ್ರಕಾರನನ್ನು ಹುಡುಕುವ ಚಟ ಹತ್ತಿತು. ಓದು ಬಾರದ ಮಗುವಿಗೆ ಚಿತ್ರವೂ ಬಾರದಿದ್ದರೆ ಅದಕ್ಕೆ ಒಂದು ತಾಸು ಹೆಚ್ಚು ಕೊಡಬಾರದೇ?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2013ರ ಫೆಬ್ರವರಿ 26ರಂದು ಹೊರಡಿಸಿದ ಮಾರ್ಗಸೂಚಿ, ಲಿಪಿಕಾರರ, ಅಂದರೆ ಬರೆದುಕೊಡುವವರ, ನೆರವು ಪಡೆಯುವವರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ ಹೆಚ್ಚು ಸಮಯ ಕೊಡಬೇಕು ಎಂದಿತು. ಮೂರು ತಾಸಿನ ಪರೀಕ್ಷೆಗೆ ಒಂದು ತಾಸು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಒಳಗೆ ಸೇರಿಸಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಪರ್ಸಿಯ ಮಾಸ್ತರರ ಮಾತಿನಿಂದ ಎಣಿಸಿದರೆ 120 ವರ್ಷ.

ಕಾಯ್ದೆ ಬಂದ ಮೇಲೂ ಅನುಮಾನ ಹೋಗಲಿಲ್ಲ, ರೂಪ ಬದಲಿಸಿತು. ಶೇ. 40ರಷ್ಟು ವೈಕಲ್ಯ ಇದ್ದರೆ ಮಾತ್ರ ಸವಲತ್ತು ಎಂದು ಅಧಿಕಾರಿಗಳು ಗೆರೆ ಎಳೆದರು. ಕೈ ಸೆಟೆದು ಬರೆಯಲಾಗದ ವಿಕಾಶ್ ಕುಮಾರ್ ಎಂಬ ಯುಪಿಎಸ್‌ಸಿ ಅಭ್ಯರ್ಥಿ ಆ ಗೆರೆಯನ್ನು ಪ್ರಶ್ನಿಸಿದರು. 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಲಿಪಿಕಾರರ ನೆರವಿಗೆ ಆ ಶೇಕಡಾವಾರು ಗೆರೆ ಅಡ್ಡಬರಕೂಡದು ಎಂದಿತು. ಅದೇ ವರ್ಷ ನವೆಂಬರಿನಲ್ಲಿ ಅವನಿ ಪ್ರಕಾಶ್ ಪ್ರಕರಣ ಬಂತು. ಬರಹದ ತೊಂದರೆಯಿದ್ದ ಆ ಹುಡುಗಿಗೆ ನೀಟ್ ಪರೀಕ್ಷೆಯಲ್ಲಿ ಸಿಗಬೇಕಾದ ಒಂದು ತಾಸು ಸಿಕ್ಕಿರಲಿಲ್ಲ. ಮರುಪರೀಕ್ಷೆಗೆ ಕೋರ್ಟು ಒಪ್ಪಲಿಲ್ಲವಾದರೂ, ಆದ ಅನ್ಯಾಯ ಸರಿಪಡಿಸುವ ದಾರಿ ಹುಡುಕಲು ಪರೀಕ್ಷಾ ಸಂಸ್ಥೆಗೆ ಹೇಳಿತು. 2022ರ ಆಗಸ್ಟ್ 10ರಂದು ಶೇ. 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟಪಡುವವರಿಗೂ ಮಾರ್ಗಸೂಚಿ ಬಂತು.

ಆ ಹೆಚ್ಚುವರಿ ತಾಸು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಾದರೆ ಲಿಪಿಕಾರರ ಕೋಣೆಯಲ್ಲಿ ಮೇಲ್ವಿಚಾರಕರಾಗಿ ಕೂರಬೇಕು. ನಾನು ಕೂತಿದ್ದೇನೆ. ಮಾತಿನ ಸದ್ದು ಉಳಿದವರಿಗೆ ತಾಗದಂತೆ ಬೇರೆ ಕೋಣೆ. ಪರೀಕ್ಷೆ ಬರೆಯುವ ಹುಡುಗ, ಅವನಿಗಿಂತ ಒಂದು ತರಗತಿ ಕೆಳಗಿನ ಹುಡುಗಿ, ನಾನು. ಸಮಾಜ ವಿಜ್ಞಾನದ ಪತ್ರಿಕೆ. ಅವಳು ಪ್ರಶ್ನೆ ಓದುತ್ತಾಳೆ, ಅವನು ಇನ್ನೊಮ್ಮೆ ಓದು ಎನ್ನುತ್ತಾನೆ, ಯೋಚಿಸುತ್ತಾನೆ, ಹೇಳುತ್ತಾನೆ, ಅವಳ ಕೈ ಹಿಂದೆ ಬೀಳುತ್ತದೆ, ಅವನು ತಡೆಯುತ್ತಾನೆ, ಬರೆದದ್ದನ್ನು ಓದಿಸಿ ಕೇಳುತ್ತಾನೆ. ಸಂಗೊಳ್ಳಿ ರಾಯಣ್ಣನ ಬಗ್ಗೆ ಬಂದಾಗ ಹುಡುಗ ಊರ ಕಟ್ಟೆಯ ಮೇಲೆ ಕೂತವನಂತೆ ಹೇಳತೊಡಗಿದ. ಹುಡುಗಿ ಪೆನ್ನು ಎತ್ತಿ ಹಿಡಿದಳು. “ಅಣ್ಣಾ, ನೀ ಹೇಳಿದಂಗ ಬರೀಲೇನು, ಪುಸ್ತಕದಾಗ ಇದ್ದಂಗ ಬರೀಲೇನು?” ಅವನೆಂದ, “ನಾ ಹೇಳಿದಂಗ ಬರಿ ತಂಗಿ. ಪುಸ್ತಕದ್ದು ಪುಸ್ತಕದಾಗ ಐತಲ್ಲ.” ಜಾಗೃತ ದಳದವರು ಬಾಗಿಲಲ್ಲಿ ನಿಂತು, ಹುಡುಗಿ ತನ್ನ ಉತ್ತರ ಸೇರಿಸುತ್ತಿದ್ದಾಳೋ ಎಂದು ಕಿವಿಗೊಟ್ಟು ಕೇಳಿ ಹೋದರು. ಹಾಗೆ ನೋಡುವುದು ಅವರ ಕೆಲಸ, ತಪ್ಪೆನ್ನಲಾರೆ. ಆದರೆ ಸಾಮೂಹಿಕ ನಕಲು ನಡೆಯುವ ಕೇಂದ್ರಗಳ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಬೆಳೆದ ನಮಗೆ, ನ್ಯಾಯ ತಪ್ಪುವುದು ಈ ಒಂದು ಕೋಣೆಯಲ್ಲೇ ಎಂದು ಯಾಕೆ ಅನ್ನಿಸಬೇಕು?

ಎಲ್ಲರಿಗೂ ಒಂದೇ ಸಮ ಎನ್ನುವ ಪರೀಕ್ಷೆ ತನ್ನ ನಿಯಮಗಳನ್ನು ತಾನೇ ಬದಲಿಸುತ್ತ ಬಂದಿದೆ. ಅಂಚಿನಲ್ಲಿ ನಿಂತವರಿಗೆ ಕೃಪಾಂಕ ಕೊಟ್ಟಿದೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ ಮಾತ್ರ 125 ಇಟ್ಟುಕೊಂಡಿದೆ. ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ ಎಲ್ಲರಿಗೂ 15 ನಿಮಿಷ ಸೇರಿಸಿದೆ. 2024ರಲ್ಲಿ ಒಂದೇ ವರ್ಷ ಮೂರು ಪರೀಕ್ಷೆ ನಡೆಸಿದೆ. ಓದಲು ಹೊತ್ತು ಬೇಕು ಎಂದು ಮಂಡಳಿಯೇ ಒಪ್ಪಿ ಆ 15 ನಿಮಿಷ ಕೊಟ್ಟಾಗ ಯಾವ ಶಿಕ್ಷಕರ ಕೋಣೆಯಲ್ಲೂ ತಕರಾರು ಏಳಲಿಲ್ಲ. ಓದಲು ಇನ್ನೂ ಹೆಚ್ಚು ಹೊತ್ತು ಬೇಕಾದವನಿಗೆ ಇನ್ನೂ ಹೆಚ್ಚು ಕೊಟ್ಟಾಗ ಎದ್ದಿತು.

ನನಗೆ ಬೇರೆಯೇ ಒಂದು ತಕರಾರಿದೆ. ಈ ಸವಲತ್ತು ತಲುಪುತ್ತಿರುವುದು ಪ್ರಮಾಣಪತ್ರ ತರಬಲ್ಲವರಿಗೆ. 2018ರ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡಬಹುದಿತ್ತು. 14ಕ್ಕೆ, 18ಕ್ಕೆ ಮತ್ತೆ ಪರೀಕ್ಷಿಸಬೇಕಿತ್ತು. ಪ್ರಮಾಣಪತ್ರ ಪಡೆಯಲು ಮನಃಶಾಸ್ತ್ರಜ್ಞರು ಬೇಕು, ವೈದ್ಯರು ಬೇಕು, ಕೂಲಿ ಬಿಟ್ಟು ಮಗುವಿನೊಡನೆ ಜಿಲ್ಲಾ ಆಸ್ಪತ್ರೆಗೆ ಅಲೆಯುವ ತಂದೆಯೋ ತಾಯಿಯೋ ಬೇಕು. ನಗರದ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಇದೆಲ್ಲ ಹೊಂದುತ್ತದೆ. ಅದಕ್ಕೇ ‘ಶ್ರೀಮಂತರ ನೆವ’ ಎಂಬ ಮಾತು ಹುಟ್ಟಿದೆ. ಇಂಗ್ಲೆಂಡಿನಲ್ಲೂ ಇದನ್ನು ಮಧ್ಯಮವರ್ಗದ ರೋಗವೆಂದು ಗೇಲಿ ಮಾಡಿದ್ದುಂಟು. ತೊಂದರೆ ಬಡವರ ಮಕ್ಕಳಿಗೂ ಬರುತ್ತದೆ. ಕಾಗದ ಸಿಗದ ಕಾರಣ ಅವರ ತೊಂದರೆಗೆ ದಡ್ಡತನವೆಂಬ ಹಳೆಯ ಹೆಸರೇ ಉಳಿದಿದೆ.

ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಇಂಥ ಮಗು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಹತ್ತನೇ ತರಗತಿಯಲ್ಲಿ, ಪರೀಕ್ಷೆಯ ಅರ್ಜಿ ತುಂಬುವಾಗ. ಅಷ್ಟರಲ್ಲಿ ಮೂರನೇತ್ತದಿಂದ ಏಳು ವರ್ಷ ಕಳೆದಿರುತ್ತವೆ. ಆಗ ಕೊಡುವ ಒಂದು ತಾಸಿನಿಂದ ಮಗು ಪಾಸಾಗಬಹುದು, ಓದು ಬರುವುದಿಲ್ಲ. ಹೆಚ್ಚುವರಿ ಸಮಯ ನ್ಯಾಯದ ಕೊನೆಯ ಕಂತು. ಮೊದಲ ಕಂತು ಮೂರನೇ, ನಾಲ್ಕನೇ ತರಗತಿಯಲ್ಲಿ ಸಲ್ಲಬೇಕು. ಅಲ್ಲಿಯ ಟೀಚರು ಗಣೇಶ ಚೌತಿಯೊಳಗೆ ಪ್ರತಿ ಮಗುವನ್ನು ಒಂಟಿಯಾಗಿ ಪಕ್ಕದಲ್ಲಿ ಕೂರಿಸಿಕೊಂಡು, ಅದು ಹಿಂದೆ ಕಾಣದ ಒಂದು ಪುಟ ಓದಿಸಬೇಕು. ಎಲ್ಲರೊಡನೆ ಕೂಡಿ ಹೇಳುವಾಗ ಬಾಯಿಪಾಠದ ಹಿಂದೆ ಅಡಗುವ ಮಗು ಅಲ್ಲಿ ಅಡಗಲಾರದು. ಅರ್ಕಾವೊತ್ತಿನಲ್ಲಿ ಎಡವುವವರ, ದೀರ್ಘ ಬಿಡುವವರ, ಮೊದಲಕ್ಷರ ನೋಡಿ ಊಹಿಸುವವರ ಹೆಸರು ಬರೆದಿಟ್ಟು, ಬ್ಲಾಕ್ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರಿಗೆ ತಿಳಿಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಸುಪ್ರೀಂ ಕೋರ್ಟೂ ಬೇಡ. ಒಂದು ಮಗುವಿಗೆ ಹತ್ತು ನಿಮಿಷ ಸಾಕು.